ತಾಯಿಗುಂಡಿಯ ಇಪ್ಪತ್ತೊಂದನೆಯ ಮೀನು

ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ವರ್ಷಗಟ್ಟಲೆ ಗೋಲಿ ಒತ್ತಿ ಒತ್ತಿ ಉಗುರು ಅಗಲವಾಗಿ, ತುದಿ ಮೇಲಕ್ಕೆ ಬಾಗಿ, ತುಪ್ಪ ಬಡಿಸುವ ಸಣ್ಣ ಚಮಚದ ಹಾಗೆ ಕಾಣುತ್ತಿತ್ತು. ಬೇರೆ ಸೋಡಾದವರು ಬಾಟ್ಲಿಯ ಬಾಯಿಗೆ ಕೂತ ಗೋಲಿಯನ್ನು ಮರದ ತುಂಡಿನಿಂದ ಒಳಗೆ ತಳ್ಳುತ್ತಾರೆ. ಇವರು ಬರಿ ಹೆಬ್ಬೆರಳಿನಿಂದ ತಳ್ಳುತ್ತಿದ್ದರು. ಗೋಲಿ ಕೆಳಗೆ ಬಿದ್ದಾಗ ಬರುವ ಸದ್ದಿಗೆ ಪಕ್ಕದ ಅಂಗಡಿಯ ತೂಕಡಿಸುವ ದರ್ಜಿ ದಿನಾ ಬೆಚ್ಚಿಬೀಳುತ್ತಿದ್ದ, ದಿನಾ ಬೈಯುತ್ತಿದ್ದ, ದಿನಾ ಅವರಲ್ಲೇ ಸೋಡಾ ಕುಡಿಯುತ್ತಿದ್ದ.

ಬಾಟ್ಲಿ ಹಸಿರು ಬಣ್ಣದ್ದು ಎಂದು ನನ್ನ ನೆನಪು. ಬಿಳಿಯದು ಎಂದು ನನ್ನ ಹೆಂಡತಿ. ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ಬೆಂಚಿನ ಮೇಲೆ ಕೂತು ಕುಡಿದವರು. ಆದ್ದರಿಂದ ಬಾಟ್ಲಿಯ ವಿಷಯ ಬಿಟ್ಟುಬಿಡುತ್ತೇನೆ. ಬೆರಳಿನ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ.

ಅವರನ್ನು ಎಲ್ಲರೂ ಸೋಡಾ ಚಾಚಾ ಎನ್ನುತ್ತಿದ್ದರು. ಅಂಗಡಿ ಬಳ್ಳಾರಿಯ ಕೋಟೆ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿತ್ತು. ನಾನು ಆಗ ಊರಿನ ಒಂದು ಕಾಲೇಜಿಗೆ ಪ್ರಾಣಿಶಾಸ್ತ್ರ ಕಲಿಸಲು ಹೊಸದಾಗಿ ಬಂದಿದ್ದೆ. ಅದಿರಿನ ಲಾರಿಗಳು ಹಗಲಿಡೀ ಓಡುತ್ತಿದ್ದ ಕಾಲ. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಹೋದವರು ಸಂಜೆ ಗೋಡೆಗೆ ಕಾವಿ ಬಳಿದು ಬಂದವರಂತೆ ಮನೆಗೆ ಬರುತ್ತಿದ್ದರು. ಚಾಚಾ ಪ್ರತಿ ಬಾಟ್ಲಿಯನ್ನೂ ಮೂರು ಸಲ ತೊಳೆಯುತ್ತಿದ್ದರು. "ಬಳ್ಳಾರಿ ಮಣ್ಣೆಲ್ಲ ಚೀನಾಕ್ಕ ಹೊಂಟೈತ್ರಿ ಮೇಷ್ಟ್ರ," ಎನ್ನುತ್ತಿದ್ದರು. "ಉಳಿದದ್ದು ನನ್ನ ಬಾಟ್ಲಿಗೆ ಬಂದೈತಿ."

ಅವರ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ದುಡ್ಡು ಇಟ್ಟ ಕೂಡಲೇ ಸೋಡಾ ಸಿಗುತ್ತಿರಲಿಲ್ಲ. ಹೆಬ್ಬೆರಳನ್ನು ಗೋಲಿಯ ಮೇಲಿಟ್ಟು, ಒತ್ತದೆ, ಒಂದು ಪ್ರಶ್ನೆ ಕೇಳುತ್ತಿದ್ದರು. "ಸವಾಲ್ ಮೊದ್ಲು, ಸೋಡಾ ಆಮ್ಯಾಲ." ಉತ್ತರ ಸರಿಯಾದರೆ ಇನ್ನರ್ಧ ನಿಂಬೆಹಣ್ಣು ಹಿಂಡುತ್ತಿದ್ದರು. ತಪ್ಪಾದರೂ ಸೋಡಾ ಕೊಡುತ್ತಿದ್ದರು, ಆದರೆ ಒಂದು ಮಾತು ಸೇರಿಸಿ: "ಹೋಗ್ಲಿ ಬಿಡ್ರಿ. ಬಾಯಿ ಒಣಗಿದಾಗ ಬುದ್ಧೀನೂ ಒಣಗತೈತಿ."

ಕೊರಳಿಗೆ ಬೆರಳು ದಪ್ಪದ ಚಿನ್ನದ ಸರ ಹಾಕಿದ ಯುವಕನೊಬ್ಬ ಒಂದು ಮಧ್ಯಾಹ್ನ ಕಾರಿನಿಂದ ಇಳಿದು ಬಂದದ್ದು ನೆನಪಿದೆ. ಚಾಚಾ ಕೇಳಿದರು:

"ಬಳ್ಳಾರಿ ಜಾಲಿ ಗಿಡ ಯಾವೂರಿಂದು?"

"ಇದೇನು ಸವಾಲೋ ಚಾಚಾ! ಬಳ್ಳಾರಿದು. ಹೆಸ್ರೇ ಹೇಳ್ತೈತಲ್ಲ."

"ತಪ್ಪು. ಅಮೆರಿಕಾ ಕಡೀದು. ಹಡಗು ಹತ್ತಿ ಬಂದು ನಮ್ಮೂರ ಹೆಸರು ಇಟ್ಕೊಂಡೈತಿ. ಇರ್ಲಿ, ಈ ಗೋಲಿ ಬಾಟ್ಲಿ?"

"ಇದಂತೂ ನಮ್ದ ಬಿಡು."

"ಇಂಗ್ಲೆಂಡಿಂದು. ಕೆರ್‍ಯಾಗಿನ ಜಿಲೇಬಿ ಮೀನು?"

"ಅದೂ ಹೊರಗಿಂದೇನು?"

"ಆಫ್ರಿಕಾದ್ದು."

ಯುವಕನಿಗೆ ರೇಗಿತು. "ಹಂಗಾದ್ರ ನಮ್ಮೂರಿಂದು ಅಂತ ಏನೈತಿ ಚಾಚಾ?"

"ಬಾಯಾರಿಕಿ," ಎಂದು ಚಾಚಾ ಗೋಲಿ ಒತ್ತಿದರು. ದರ್ಜಿ ಬೆಚ್ಚಿಬಿದ್ದ.

ದೊಡ್ಡ ಕಂಪನಿಗಳ ಕಪ್ಪು ಪಾನೀಯದ ಪ್ಲಾಸ್ಟಿಕ್ ಬಾಟ್ಲಿಗಳು ಆಗ ಎಲ್ಲ ಅಂಗಡಿಯಲ್ಲೂ ತಂಪು ಪೆಟ್ಟಿಗೆಯೊಳಗೆ ಸಾಲಾಗಿ ನಿಂತಿದ್ದವು. ಚಾಚಾ ಅವುಗಳನ್ನು ಬೈದದ್ದನ್ನು ನಾನು ಕೇಳಿಲ್ಲ. "ಅದೂ ಚಲೋನ ಐತ್ರಿ. ಅದ್ರಾಗ ಸವಾಲಿಲ್ಲ, ಅಷ್ಟ," ಎಂದಿದ್ದರು ಒಮ್ಮೆ.

ಪ್ರಶ್ನೆಗಳನ್ನು ಅವರು ಹಳೆಯ ಪತ್ರಿಕೆಗಳಿಂದ, ರೈಲಿನಲ್ಲಿ ಪಕ್ಕ ಕೂತವರಿಂದ, ಆಸ್ಪತ್ರೆಗೆ ಬಂದ ಪರವೂರಿನವರಿಂದ ಸಂಗ್ರಹಿಸುತ್ತಿದ್ದರು. ಯಾವುದನ್ನೂ ಪರೀಕ್ಷಿಸದೆ ಗಿರಾಕಿಗಳ ಮುಂದೆ ಇಡುತ್ತಿರಲಿಲ್ಲ. ಗಿಡ, ಹಕ್ಕಿ, ಮೀನಿನ ಪ್ರಶ್ನೆಗಳೆಲ್ಲ ನನ್ನ ಹತ್ತಿರ ಬರುತ್ತಿದ್ದವು. ನಾನು ಪುಸ್ತಕ ನೋಡಿ ಹೌದು ಅಥವಾ ಅಲ್ಲ ಎಂದು ಹೇಳುತ್ತಿದ್ದೆ. ಯಾರಾದರೂ ವಾದಕ್ಕೆ ನಿಂತರೆ ಅವರದು ಒಂದೇ ಮಾತು: "ಮೇಷ್ಟ್ರು ಹೌದಂದಾರ." ಅಲ್ಲಿಗೆ ವಾದ ಮುಗಿಯಿತು. ಇಪ್ಪತ್ತೇಳು ವರ್ಷದವನಿಗೆ ಅಂಥ ಮಾತು ಎಷ್ಟು ಹಿತ ಕೊಡುತ್ತದೆ, ಎಷ್ಟು ಬೇಗ ತಲೆಗೇರುತ್ತದೆ ಎಂಬುದು ನನಗೆ ಗೊತ್ತು.

ಚಾಚಾ ಹುಟ್ಟಿದ್ದು ಕುರುಗೋಡಿನಲ್ಲಿ. ಊರ ಹೊರಗಿನ ಒಂದು ಸಣ್ಣ ಕೆರೆಯಲ್ಲಿ ಈಜು ಕಲಿತವರು. ಆ ಕೆರೆಯ ನಡುವೆ, ಬೇಸಿಗೆಯಲ್ಲಿ ಎಲ್ಲ ಕಡೆ ನೀರು ಬತ್ತಿದ ಮೇಲೂ ಉಳಿಯುವ ಒಂದು ಗುಂಡಿಯಿತ್ತು. ಅದಕ್ಕೆ ತಾಯಿಗುಂಡಿ ಎನ್ನುತ್ತಿದ್ದರು. ಅಲ್ಲಿ ಮೀನು ಹಿಡಿದು ಬದುಕುವ ಐದಾರು ಮನೆಯವರು ತಾಯಿಗುಂಡಿಗೆ ಮಾತ್ರ ಬಲೆ ಬೀಸುತ್ತಿರಲಿಲ್ಲ. ಹಾವಿನಂಥ ತಲೆಯ ಕೊರಮೀನು, ಪಕ್ಕೆ ಮೀನು, ಹೆಸರಿಲ್ಲದ ಸಣ್ಣಪುಟ್ಟ ಮೀನುಗಳೆಲ್ಲ ಅಲ್ಲಿ ಬೇಸಿಗೆ ಕಳೆದು, ಮಳೆ ಬಂದ ಮೇಲೆ ಕೆರೆ ತುಂಬ ಮರಿ ಮಾಡುತ್ತಿದ್ದವು. ಅಜ್ಜಂದಿರ ಕಾಲದಿಂದ ಹಾಗೆ. "ಬ್ಯಾಂಕಿನ್ಯಾಗ ದುಡ್ಡು ಇಡ್ತಾರ, ನಮ್ಮವರು ಗುಂಡಿಯಾಗ ಮೀನು ಇಡ್ತಾರ," ಎಂದು ಚಾಚಾ ಹೆಮ್ಮೆಯಿಂದ ಹೇಳುತ್ತಿದ್ದರು.

ಇನ್ನು ನಾನು ಹೇಳಬೇಕಾದ ಸಂಗತಿ.

ಲಾರಿಗಳ ಮೇಲೆ ಲಾರಿ ಕೊಂಡಿದ್ದ ಒಬ್ಬ ಧಣಿ ಕುರುಗೋಡಿನ ಹೊರಗೆ ದೊಡ್ಡ ಮನೆ ಕಟ್ಟಿಸಿದ್ದ. ಅಂಗಳದಲ್ಲಿ ಕಮಲದಾಕಾರದ ಸಿಮೆಂಟಿನ ಕೊಳ. ಗೃಹಪ್ರವೇಶದ ದಿನ ಆ ಕೊಳದಲ್ಲಿ ದೊಡ್ಡ ಮೀನುಗಳು ಓಡಾಡಬೇಕು, ಬಂದವರಿಗೆಲ್ಲ ಗೋಲಿ ಸೋಡಾ ಹಂಚಬೇಕು ಎಂದು ಅವನ ಆಸೆ. ಸೋಡಾದ ಕೆಲಸ ಚಾಚಾರಿಗೆ ಬಂತು. ಸಿರುಗುಪ್ಪದ ಅಂಗಡಿಗಳಿಗೆ ಸೋಡಾ ಕೊಡಲು ಚಾಚಾ ವಾರಕ್ಕೊಮ್ಮೆ ಬಾಡಿಗೆ ಟೆಂಪೋದಲ್ಲಿ ಹೋಗುತ್ತಿದ್ದುದರಿಂದ, ಅಲ್ಲಿ ಮೀನು ಸಾಕುವ ಒಬ್ಬ ಹೊಂಡದವನ ಹತ್ತಿರ ಮೀನು ತುಂಬಿಸಿಕೊಂಡು ಬರುವ ಕೆಲಸವನ್ನೂ ಅವರಿಗೇ ಒಪ್ಪಿಸಿದ. ಶುಭಕ್ಕಿರಲಿ ಎಂದು ಇಪ್ಪತ್ತೊಂದು ಮೀನು. ಸೋಡಾ ಮಾಡುವ ಯಂತ್ರ, ಗ್ಯಾಸಿನ ಸಿಲಿಂಡರ್, ಮೀನಿನ ಡ್ರಮ್ಮು, ಎಲ್ಲವೂ ಒಂದೇ ಟೆಂಪೋದಲ್ಲಿ.

ಹೊರಡುವ ಹಿಂದಿನ ದಿನ ಚಾಚಾ ನನ್ನನ್ನು ಒಂದು ಮಾತು ಕೇಳಿದರು. ಎಷ್ಟೋ ವರ್ಷ ಆ ಮಾತುಕತೆ ನನ್ನ ತಲೆಯಲ್ಲಿ ಹೀಗಿತ್ತು: ಅವರು ಏನೋ ಕೇಳಿದರು, ನಾನು "ಪುಸ್ತಕ ನೋಡಿ ನಾಳೆ ಹೇಳ್ತೇನೆ" ಎಂದೆ, ಅವರು ನಾಳೆಯವರೆಗೆ ಕಾಯಲಿಲ್ಲ. ಇದು ನಾನೇ ಹೊಲಿದುಕೊಂಡದ್ದು. ಅಳತೆಗೆ ಸರಿಯಾಗಿ ಹೊಲಿದಿದ್ದೆ, ತೊಟ್ಟುಕೊಂಡು ಓಡಾಡಿದೆ. ನಡೆದದ್ದು ಬೇರೆ.

ನಾನು ಅಂಗಡಿಯ ಬೆಂಚಿನ ಮೇಲೆ ಕೂತು ಹೊಸ ಮೊಬೈಲಿನಲ್ಲಿ ಒಬ್ಬ ದಲ್ಲಾಳಿಯ ಜೊತೆ ಮಾತಾಡುತ್ತಿದ್ದೆ. ಆಗ ಎಲ್ಲರೂ ಸೈಟು ಕೊಳ್ಳುತ್ತಿದ್ದರು. ನನಗೂ ಆ ಹುಚ್ಚು ಹತ್ತಿತ್ತು. ಚಾಚಾ ಬಾಟ್ಲಿ ಒರೆಸುತ್ತ ನನ್ನ ಮುಂದೆ ಬಂದು ನಿಂತರು.

"ಮೇಷ್ಟ್ರ, ಸಿರುಗುಪ್ಪದಿಂದ ಬರೂ ದಾರ್‍ಯಾಗ ಮೀನಿಗೆ ಉಸಿರು ಕಟ್ಟತೈತೇನೋ. ನನ್ನ ಸೋಡಾ ಸಿಲಿಂಡರಿನ ಪೈಪು ಡ್ರಮ್ಮಿನ್ಯಾಗ ಬಿಟ್ರ ಆಕೈತೇನ್ರಿ?"

ನಾನು ಫೋನಿನ ಬಾಯಿ ಮುಚ್ಚಿ, ಅವರ ಮುಖ ನೋಡದೆ, "ಹ್ಞಾಂ, ಬಿಡಿ ಚಾಚಾ, ಆಗುತ್ತೆ," ಎಂದೆ.

ಸೋಡಾದ ಗ್ಯಾಸು ಎಂದರೆ ನಾವು ಉಸಿರು ಹೊರಗೆ ಬಿಟ್ಟಾಗ ಹೋಗುವ ಇಂಗಾಲದ ಡೈಆಕ್ಸೈಡು. ಅದರಿಂದ ಯಾವ ಜೀವಿಯೂ ಉಸಿರಾಡುವುದಿಲ್ಲ. ಇದನ್ನು ನಾನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದೆ.

ಗೃಹಪ್ರವೇಶದ ಮರುದಿನ ಬೆಳಿಗ್ಗೆ ಚಾಚಾ ನಮ್ಮ ಮನೆಯ ಗೇಟಿನ ಮುಂದೆ ನಿಂತಿದ್ದರು. ಒಳಗೆ ಬರಲೊಲ್ಲರು. ಹೆಂಡತಿ ಕೊಟ್ಟ ಚಹಾವನ್ನು ಕುಡಿಯದೆ ಹಿಡಿದುಕೊಂಡೇ ಹೇಳಿದರು.

"ಅರ್ಧ ದಾರ್‍ಯಾಗ ನೋಡ್ತೀನಿ, ಎಲ್ಲಾ ಹೊಟ್ಟಿ ಮ್ಯಾಲ ಮಾಡಿ ತೇಲಾಕ ಹತ್ಯಾವ್ರಿ. ಧಣಿ ಮನಿ ಮುಂದ ನಿಲ್ಲಿಸಿದ್ರ, ಡ್ರಮ್ಮು ನೋಡಿ ಅವ ಕುಣದಾಡಿಬಿಟ್ಟ. 'ಮನಿ ಹೊಕ್ಕೋ ದಿನ ಹೆಣಾ ತಂದೀಯೇನೋ ಸಾಬಾ! ಒಯ್ದು ಎಲ್ಲ್ಯಾರ ಒಗಿ!' ಅಂದ. ಒಯ್ದೆ. ಎಲ್ಲಿ ಒಗೀಲಿ ಮೇಷ್ಟ್ರ? ಕೆರೀ ಒಳಗ ಟೆಂಪೋ ಇಳಿಸಿ ತಾಯಿಗುಂಡಿ ದಂಡ್ಯಾಗ ಚೆಲ್ಲಿ, ಗುಂಡಿ ನೀರಾಗ ಡ್ರಮ್ಮು ತೊಳಿತಿದ್ದೆ. ಒಂದು ಬಾಲ ಅಲ್ಲಾಡ್ತು. ಕಣ್ಣು ಮಂಜಾಗ್ಯಾವೇನೋ ಅಂದೆ. ಇನ್ನೊಂದು ಅಲ್ಲಾಡ್ತು. ನಾ ನೋಡ್ತಿದ್ದಂಗ ಒಂದೊಂದ ಎದ್ದು, ಮೈ ಕೊಡವಿ, ಗುಂಡ್ಯಾಗ ಹೊಕ್ಕುಬಿಟ್ಟುವ್ರಿ. ಒಂದೂ ಉಳೀಲಿಲ್ಲ."

ಸತ್ತಿರಲಿಲ್ಲ. ಗ್ಯಾಸಿಗೆ ಮತ್ತೇರಿ ಮಲಗಿದ್ದವು, ಅಷ್ಟೆ. ಹೊಸ ನೀರು ತಾಗಿದಾಗ ಎಚ್ಚರಾಗಿದ್ದವು.

"ಯಾವ ಮೀನು ಚಾಚಾ?"

"ಮೀಸಿ ಮೀನು ಅಂದಿದ್ದ ಅವ. ನಮ್ಮ ಕೆರೀದಂಗಿಲ್ರಿ. ಮೊಳಕೈ ಉದ್ದ, ತಲಿ ನನ್ನ ಅಂಗೈ ಅಗಲ, ಮೈಮ್ಯಾಲ ಹಾಸುಗಲ್ಲಿನಂಗ ಮಚ್ಚಿ."

ಅದು ಆಫ್ರಿಕಾದ ಮೀಸೆ ಮೀನು. ಸರ್ಕಾರ ಬೇಡವೆಂದರೂ ಹೊಂಡಗಳಲ್ಲಿ ಕದ್ದು ಸಾಕುತ್ತಿದ್ದ ಜಾತಿ. ಕಪ್ಪೆ, ಮೊಟ್ಟೆ, ಮರಿ, ತನಗಿಂತ ಸಣ್ಣದಾದ ಯಾವುದನ್ನೂ ಬಿಡುವುದಿಲ್ಲ. ಅದು ಬಿದ್ದದ್ದು ಕೆರೆಯ ಬೀಜವೆಲ್ಲ ಇದ್ದ ಗುಂಡಿಗೆ. ಮುಂಗಾರು ಇನ್ನು ಕೆಲವೇ ದಿನಗಳಲ್ಲಿ. ಒಂದು ದೊಡ್ಡ ಮಳೆಯಾದರೆ ಗುಂಡಿ ಕೆರೆಯಾಗುತ್ತದೆ, ಕೆರೆ ಕೋಡಿ ಬಿದ್ದರೆ ಹಳ್ಳ, ಹಳ್ಳದಿಂದ ಹೊಳೆ. ಆಮೇಲೆ ಹುಡುಕುವುದೆಂಬ ಮಾತಿಲ್ಲ.

"ಯಾರಾದರೂ ನೋಡಿದರೇ?"

"ಯಾರೂ ಇಲ್ರಿ. ಎಲ್ಲಾ ಧಣಿ ಮನಿ ಊಟಕ್ಕ ಹೋಗಿದ್ರು."

ಹಾಗೆ ಕೇಳಿದವನು ನಾನು. ಅವರು ಬಂದದ್ದು ಮುಚ್ಚಿಡುವ ದಾರಿ ಕೇಳಲು ಅಲ್ಲ, ಮೀನು ಹಿಡಿಯುವ ದಾರಿ ಕೇಳಲು. ಸಿಲಿಂಡರಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವತ್ತೇ ಕುರುಗೋಡಿಗೆ ಹೋದೆವು. ಆ ಐದಾರು ಮನೆಗಳಿಗೆ ಹಿರಿಯಳಂತಿದ್ದವಳು ಐವತ್ತರ ಆಸುಪಾಸಿನ ಹೆಂಗಸು. ಬಲೆ ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಊರೆಲ್ಲ ಬಲೆಯಕ್ಕ ಎನ್ನುತ್ತಿತ್ತು. ಚಾಚಾ ಅವಳ ಮನೆಯ ಕಟ್ಟೆಯ ಮುಂದೆ ನಿಂತು, ಒಂದೂ ಬಿಡದೆ ಎಲ್ಲವನ್ನೂ ಹೇಳಿದರು. ಅವಳು ಕೈಯಲ್ಲಿದ್ದ ದಾರದ ಉಂಡೆಯನ್ನು ಕೆಳಗಿಟ್ಟಳು.

"ತಾಯಿಗುಂಡಿಗೇ ಹಾಕಿದ್ಯಾ ಚಾಚಾ? ಊರಾಗ ಬ್ಯಾರೆ ತಿಪ್ಪಿ ಇರ್ಲಿಲ್ಲಾ?"

"ಸತ್ತಾವಂತ ತಿಳಿದೆ ಯವ್ವಾ."

"ಯಾವ ಶಾಣ್ಯಾ ಹೇಳಿದ್ದ ನಿನಗ, ಮೀನಿಗೆ ಸೋಡಾ ಕುಡಸು ಅಂತ?"

ನಾನು ಚಾಚಾರ ಎಡಕ್ಕೆ ಎರಡು ಮಾರು ದೂರದಲ್ಲಿ ನಿಂತಿದ್ದೆ. ಆ ಅಂತರವನ್ನು ಬೇಕಾದರೆ ಈಗಲೂ ಅಳೆದು ತೋರಿಸಬಲ್ಲೆ.

"ಯಾರ್ ಹೇಳ್ಬೇಕವ್ವಾ," ಎಂದರು ಚಾಚಾ. "ಇಷ್ಟು ವರ್ಷದ ಗ್ಯಾಸು ನನ್ನ ತಲಿಗೇ ಏರಿತ್ತು."

ಬಲೆಯಕ್ಕ ಬೈದಳು. ಅರ್ಧ ಗಂಟೆ ಬೈದಳು. ಆಮೇಲೆ ಒಳಗೆ ಹೋಗಿ ಗಾಳದ ದಾರಗಳನ್ನು ತಂದಳು.

ಬಲೆ ಬೀಸಿದರೆ ಗುಂಡಿಯಲ್ಲಿದ್ದ ಕೊರಮೀನೂ ಬರುತ್ತವೆ, ಮೊಟ್ಟೆ ಹೊತ್ತ ತಾಯಿಗಳು ಗಾಯವಾಗಿ ಸಾಯುತ್ತವೆ. ಆದ್ದರಿಂದ ಗಾಳ. ಪರದೇಶದ ಮೀಸೆ ಮೀನಿಗೆ ಕೊಳೆತ ವಾಸನೆ ಎಂದರೆ ಪ್ರಾಣ ಎಂದು ನಾನು ಹೇಳಿದೆ. ಈ ಸಲ ಪುಸ್ತಕ ನೋಡಿ ಹೇಳಿದ್ದೆ. ಕೋಳಿ ಅಂಗಡಿಯಿಂದ ಕರುಳು ತಂದು, ಬಿಸಿಲಿಗಿಟ್ಟು, ಗಾಳಕ್ಕೆ ಸಿಕ್ಕಿಸಿ ಆ ಮನೆಗಳವರು ಗುಂಡಿಯ ಸುತ್ತಲೂ ಕೂತರು. ತಪ್ಪಿ ಬಂದ ಊರ ಮೀನಿನ ಬಾಯಿಂದ ಬಲೆಯಕ್ಕ ಗಾಳ ಬಿಡಿಸಿ, "ಹೋಗವ್ವ, ನಿನ್ನ ಕರೀಲಿಲ್ಲ," ಎಂದು ನೀರಿಗೆ ಬಿಡುತ್ತಿದ್ದಳು.

ಮೊದಲ ದಿನ ಒಂಬತ್ತು ಬಂದವು. ಎರಡನೆಯ ದಿನ ಎಂಟು. ಹಿಡಿದ ಪ್ರತಿ ಮೀನಿಗೂ ಚಾಚಾ ದಂಡೆಯ ಮೇಲೆ ಒಂದು ಸೋಡಾದ ಗೋಲಿ ಇಡುತ್ತಿದ್ದರು. ಬಳ್ಳಾರಿಯ ಅಂಗಡಿ ಮುಚ್ಚಿತ್ತು. ನಾನು ಕಾಲೇಜು ಮುಗಿಸಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೂರನೆಯ ದಿನ ಮೂರು ಬಂದವು. ಇಪ್ಪತ್ತು ಗೋಲಿ. ಆಮೇಲೆ ಗಾಳ ಅಲುಗಾಡಲಿಲ್ಲ.

ನಾಲ್ಕನೆಯ ದಿನ ಪಶ್ಚಿಮದ ಕಡೆ ಮೋಡ ಕಟ್ಟಿತು. ಒಂದೇ ಮೀನು ತಾನೇ, ಏನಾದೀತು ಎಂದು ಯಾರೋ ಅಂದರು. ಮೊಟ್ಟೆ ಹೊತ್ತದ್ದಾದರೆ, ಜೊತೆಗೆ ಇನ್ನೆಲ್ಲಿಂದಲಾದರೂ ಒಂದು ಗಂಡು ಬಂದರೆ, ಒಂದು ಸಾಕು ಎಂದು ನಾನು ಹೇಳಬೇಕಾಯಿತು. ಬಲೆಯಕ್ಕ ಗಾಳದ ದಾರಗಳನ್ನು ಸುತ್ತಿಟ್ಟಳು.

"ನಾಳೆ ಮುಂಜಾನೆ ಬಲಿ ಹಾಕೂಣು," ಎಂದಳು. "ನಮ್ಮ ಅಜ್ಜಿ ಹಾಕಿಲ್ಲ, ನಮ್ಮವ್ವ ಹಾಕಿಲ್ಲ. ನಾ ಹಾಕ್ತೀನಿ. ಮತ್ತೇನ್ ಮಾಡ್ಲಿ?"

ಚಾಚಾ ಗೋಲಿಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಅವರು ನನಗೆ ಮಾತ್ರ ಕೇಳುವಂತೆ ಹೇಳಿದರು: "ನನ್ನಿಂದ ತಾಯಿಗುಂಡಿಗೆ ಬಲಿ ಬಿತ್ತು ಅಂದ್ರ ಮೇಷ್ಟ್ರ, ನಾ ಮತ್ತ ಈ ಊರಿಗೆ ಕಾಲಿಡೂದಿಲ್ಲ. ಸತ್ರ ನನ್ನ ಇಲ್ಲಿ ತರಬ್ಯಾಡ್ರಿ ಅಂತ ಮನ್ಯಾಗ ಹೇಳ್ತೀನಿ."

ಅವರ ತಂದೆ ತಾಯಿ ಇದ್ದದ್ದು ಅದೇ ಊರಿನ ಮಣ್ಣಿನಲ್ಲಿ.

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ರಜೆ ಹಾಕಿ ಸಿರುಗುಪ್ಪದ ಮೊದಲ ಬಸ್ಸು ಹತ್ತಿದೆ. ಮಧ್ಯಾಹ್ನದವರೆಗೆ ಬಲೆ ಇಳಿಸುವುದಿಲ್ಲ ಎಂದು ಬಲೆಯಕ್ಕನಿಂದ ಹಿಂದಿನ ಸಂಜೆಯೇ ಮಾತು ತೆಗೆದುಕೊಂಡಿದ್ದೆ. ನನ್ನ ತಲೆಯಲ್ಲಿದ್ದ ಯೋಚನೆ ಇಷ್ಟೆ: ಇಪ್ಪತ್ತೊಂದು ಎಂಬ ಲೆಕ್ಕವನ್ನು ನಾವೆಲ್ಲ ನಂಬಿದ್ದೇವೆ, ಯಾಕೆ ನಂಬಿದ್ದೇವೆ? ಚಾಚಾ ಟೆಂಪೋದ ಮುಂದೆ ನಿಂತು, ಹೊಂಡದವನು ಎಣಿಸಿದ್ದನ್ನು ಕೇಳಿದ್ದರು. ನೋಡಿರಲಿಲ್ಲ.

ಸಿರುಗುಪ್ಪದ ಹೊರಗೆ, ಭತ್ತದ ಗದ್ದೆಗಳ ನಡುವೆ ಅವನ ಹೊಂಡವಿತ್ತು. ಎಪ್ಪತ್ತು ದಾಟಿದ ಮುದುಕ, ತಲೆಗೆ ಹಳದಿ ರುಮಾಲು. ವಯಸ್ಸಿನಲ್ಲಿದ್ದಾಗ ಗಿರಣಿಗಳಲ್ಲಿ ಭತ್ತ ಅಳೆಯುತ್ತಿದ್ದವನಂತೆ. ಇಪ್ಪತ್ತೊಂದೇ ಕೊಟ್ಟೆಯಾ ಎಂದು ಕೇಳಿದ್ದಕ್ಕೆ ಅವನಿಗೆ ಅವಮಾನವಾಯಿತು.

"ಸಾವಿರ ಸಾವಿರ ಚೀಲ ಭತ್ತ ಅಳದ ಕೈ ಇದು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮಿಲ್ಲ. ನೀವ್ಯಾರ್ರಿ ಕೇಳಾಕ?"

ಅಷ್ಟರಲ್ಲಿ ಸೈಕಲ್ಲಿನಲ್ಲಿ ಒಬ್ಬ ಗಿರಾಕಿ ಬಂದ. "ತಾತಾ, ಆರು ಜಿಲೇಬಿ ಮೀನು ಹಾಕು," ಎಂದು ಬಕೆಟ್ಟು ಇಟ್ಟ.

ಮುದುಕ ಮೊದಲು ಒಂದು ತಂಬಿಗೆ ನೀರನ್ನು ಬಕೆಟ್ಟಿಗೆ ಸುರಿದು, ರಾಗವಾಗಿ "ಲಾಭ" ಎಂದ. ಆಮೇಲೆ ಒಂದು ಮೀನು ಹಾಕಿ "ಎರಡು" ಎಂದ. ಇನ್ನೊಂದು ಹಾಕಿ "ಮೂರು". ಕೊನೆಯ ಮೀನಿಗೆ "ಆರು".

ನಾನು ಬಕೆಟ್ಟಿನೊಳಗೆ ಬಗ್ಗಿ ಎಣಿಸಿದೆ. ಐದಿದ್ದವು. ಮತ್ತೆ ಎಣಿಸಿದೆ.

"ಐದೇ ಇವೆಯಲ್ಲ?" ಎಂದೆ ಗಿರಾಕಿಗೆ.

"ಹೌದ್ರಿ. ನನಗ ಐದ ಬೇಕಿತ್ತು."

"ಆರು ಅಂದೆಯಲ್ಲ?"

ಅವನು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. "ತಾತನ ಹತ್ರ ಐದು ಬೇಕಂದ್ರ ಆರು ಅನ್ಬೇಕ್ರಿ. ಹೊಸಬ್ರೇನು ನೀವು?"

ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಈ ಪುಣ್ಯಾತ್ಮ ಅದನ್ನು ಮೀನಿಗೆ ತಂದಿದ್ದ. "ರಾಶಿ ಮ್ಯಾಲ ಮೊದ್ಲು ಬೀಳೂದು ಭತ್ತ, ಅದು ಲಾಭ," ಎಂದು ನನಗೆ ಪಾಠ ಹೇಳಿದ. "ಇಲ್ಲಿ ಮೊದ್ಲು ಬೀಳೂದು ನೀರು. ನೀರಿಲ್ದ ಮೀನಿಗೆ ಏನು ಲಾಭ? ಅದಕ್ಕ ನೀರಿಗೇ ಲಾಭ ಅಂತೀನಿ. ಇದ್ರಾಗ ಮೋಸ ಏನೈತಿ?"

"ಹಾಗಾದರೆ ಚಾಚಾನ ಡ್ರಮ್ಮಿಗೆ?"

"ಒಂದು ಕೊಡ ನೀರು, ಇಪ್ಪತ್ತು ಮೀನು. ಇಪ್ಪತ್ತೊಂದು. ಸರಿ ಐತಲ್ಲ?"

ನಾನು ಅವನ ಕಾಲು ಮುಟ್ಟಿದೆನೇ? ಮುಟ್ಟಿದೆ ಎಂದು ಎಷ್ಟೋ ಕಡೆ ಹೇಳಿದ್ದೇನೆ. ಬಹುಶಃ ಇಲ್ಲ. ಬಸ್ಸಿಗೆ ಓಡಿದ್ದಂತೂ ನಿಜ.

ಕುರುಗೋಡಿನ ಕೆರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಗಾಳಿ ಎದ್ದು ಜಾಲಿ ಮುಳ್ಳುಗಳು ಹಾರುತ್ತಿದ್ದವು. ದಂಡೆಯ ಮೇಲೆ ಬಲೆ ಬಿಚ್ಚಿ ಹಾಸಿದ್ದರು. ಇಬ್ಬರು ಗಂಡಸರು ಮೊಣಕಾಲುದ್ದ ನೀರಿಗೆ ಇಳಿದಿದ್ದರು. ಬಲೆಯಕ್ಕ ಬಲೆಯ ಒಂದು ಅಂಚನ್ನು ಹಿಡಿದು ನಿಂತಿದ್ದಳು, ಬೀಸಿರಲಿಲ್ಲ. ಚಾಚಾ ಆ ಕಡೆ ಬೆನ್ನು ಮಾಡಿ ಕೂತಿದ್ದರು.

"ಇಪ್ಪತ್ತೇ!" ಎಂದು ಏರಿಯ ಮೇಲಿಂದ ಕೂಗಿದೆ. "ಇಪ್ಪತ್ತೊಂದನೇದು ಇಲ್ಲವೇ ಇಲ್ಲ! ಅದು ನೀರು!"

ಯಾರಿಗೂ ಅರ್ಥವಾಗಲಿಲ್ಲ. ಕೆಳಗಿಳಿದು, ಏದುಸಿರು ಬಿಡುತ್ತ, ಬಕೆಟ್ಟು, ತಂಬಿಗೆ, ಲಾಭ, ಎರಡು ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಬಲೆಯಕ್ಕನಿಗೆ ಮೊದಲು ಹೊಳೆಯಿತು. ಬಲೆಯ ಅಂಚು ಅವಳ ಕೈಯಿಂದ ಜಾರಿತು. ಚಾಚಾ ಮಾತ್ರ ಎದ್ದು ಬಂದು ನನ್ನ ಎರಡೂ ಭುಜ ಹಿಡಿದರು. ನಾಲ್ಕು ದಿನದಲ್ಲಿ ಅವರ ಗಡ್ಡ ಬೆಳೆದಿತ್ತು.

"ಮೇಷ್ಟ್ರ, ಖರೇ ಹೇಳ್ರಿ. ಕಣ್ಣಾರ ನೋಡಿರೇನು? ಫೋನಿನ್ಯಾಗ ಮಾತಾಡ್ಕೋತ ನೋಡ್ಲಿಲ್ಲಲ್ಲ?"

ಅಷ್ಟೇ. ಆ ವಿಷಯದಲ್ಲಿ ಅವರು ನನಗೆ ಚುಚ್ಚಿ ಆಡಿದ ಮಾತು ಅದೊಂದೇ. ಅದೂ ಬೇರೆಯವರಿಗೆ ತಿಳಿಯದ ಹಾಗೆ.

"ಎರಡು ಸಲ ಎಣಿಸಿದೆ ಚಾಚಾ. ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದೆ."

ಅವರು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಎಂದು ನೋಡುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು, ಆಮೇಲೆ ಎಲ್ಲರ ಮುಖವೂ ಒಂದೇ ಥರ ಒದ್ದೆಯಾಯಿತು. ಬಲೆಯಕ್ಕ ಗಂಡಸರಿಗೆ ಕೂಗಿ ಹೇಳುತ್ತಿದ್ದಳು: "ಏ, ಬಲಿ ಮಡಚ್ರೋ! ಮಳಿ ಬಂತು, ಬಿಡ್ರಿ, ಬರ್ಲಿ!" ಅವಳು 'ಬರ್ಲಿ' ಎಂದ ರೀತಿಯಲ್ಲಿ ನಾಲ್ಕು ದಿನದ ಭಾರವೆಲ್ಲ ಇಳಿದಿತ್ತು.

ಎರಡು ತಿಂಗಳ ನಂತರ ಚಾಚಾ ನನ್ನನ್ನು ಬಲವಂತವಾಗಿ ಕೆರೆಗೆ ಕರೆದುಕೊಂಡು ಹೋದರು. ತುಂಬಿದ ಕೆರೆಯ ಅಂಚಿನ ಜೊಂಡಿನಲ್ಲಿ, ನೀರಿನ ಮೇಲುಗಡೆ, ಒಂದು ಕೆಂಪು ಉಂಡೆ ಸುತ್ತುತ್ತ ತೇಲುತ್ತಿತ್ತು. ನೂರಾರು ಕೊರಮೀನಿನ ಮರಿಗಳು, ಒಂದಕ್ಕೊಂದು ಅಂಟಿಕೊಂಡಂತೆ. ಅವುಗಳ ಕೆಳಗೆ ತಾಯಿ ತಂದೆಯ ಎರಡು ಕಪ್ಪು ನೆರಳು. ಮೀಸೆ ಮೀನು ಇದ್ದ ನೀರಿನಲ್ಲಿ ಅಂಥ ಉಂಡೆ ಉಳಿಯುವುದು ಕಷ್ಟ. ನನಗೆ ಆವತ್ತು ಪೂರ್ತಿ ಉಸಿರು ಬಂತು.

ವಾಪಸು ಬರುವ ಬಸ್ಸಿನಲ್ಲಿ, ಕಂಡಕ್ಟರು ಆ ಕಡೆ ಹೋದ ಮೇಲೆ, ನಾನು ಹೇಳಿದೆ: "ಚಾಚಾ, ಸಿಲಿಂಡರ್ ಬಿಡಿ ಅಂದವನು ನಾನು. ಬಲೆಯಕ್ಕನ ಮುಂದೆ ಆವತ್ತೇ ಹೇಳಬೇಕಿತ್ತು."

ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಫೋನಿನ್ಯಾಗ ಇದ್ದವ್ರನ್ನ ಕೇಳಿದ್ದು ನನ್ನ ತಪ್ಪಲ್ರಿ?" ಎಂದರು. "ಮತ್ತ, ನಾ ಅವತ್ತು ನಿಮ್ಮ ಹೆಸರು ಹೇಳಿದ್ರ ಅಂಗಡ್ಯಾಗ 'ಮೇಷ್ಟ್ರು ಹೌದಂದಾರ' ಅಂತ ಹೆಂಗ ಹೇಳ್ಲಿ? ನನಗೂ ಒಬ್ರು ಬೇಕಲ್ರಿ."

ಅವರು ಹೋಗಿ ಕೆಲವು ವರ್ಷಗಳಾದವು. ಅವರು ಹೋಗುವ ಹೊತ್ತಿಗೆ ಗಣಿಗಳು ನಿಂತು ಲಾರಿಗಳು ರಸ್ತೆ ಬದಿಯಲ್ಲಿ ತುಕ್ಕು ಹಿಡಿಯುತ್ತಿದ್ದವು. ಧಣಿಯ ಕಮಲದ ಕೊಳದಲ್ಲಿ ಯಾರೋ ಮೆಣಸಿನಕಾಯಿ ಒಣಗಿಸುತ್ತಿದ್ದರು. ಚಾಚಾ ಒಂದು ಶುಕ್ರವಾರ ನಮಾಜಿಗೆ ಹೊರಟವರು ಮನೆಯ ಮೆಟ್ಟಿಲ ಮೇಲೆ ಕೂತು ಹಾಗೇ ಹೋದರಂತೆ. ನಾನು ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಧಾರವಾಡದಲ್ಲಿದ್ದೆ. ಸುದ್ದಿ ತಲುಪಿದ್ದು ಎರಡು ದಿನ ತಡವಾಗಿ. ಅವರನ್ನು ಕುರುಗೋಡಿನಲ್ಲೇ, ತಂದೆ ತಾಯಿಯ ಪಕ್ಕ ಮಣ್ಣು ಮಾಡಿದ್ದರು.

ಅಲ್ಲಿಗೆ ಹೋಗಿ, ನಿಂತು, ಹಿಂದಿರುಗುವಾಗ ಕೆರೆಯ ಕಡೆ ನಡೆದೆ. ಬಲೆಯಕ್ಕ ಏರಿಯ ಮೇಲೆ ಕೂತು ಹೊಸ ಸೊಸೆಯಂದಿರಿಗೆ ಬಲೆಯ ಹರಕು ಹೊಲಿಯುವುದನ್ನು ತೋರಿಸುತ್ತ ಕಥೆ ಹೇಳುತ್ತಿದ್ದಳು. ಊರಿನಲ್ಲಿ ಅದು ಆಗಲೇ ಕಥೆಯಾಗಿತ್ತು. ಸೋಡಾ ಚಾಚಾ ಮೀನಿಗೆ ಸೋಡಾ ಕುಡಿಸಿದ್ದು. ಪಾಪ, ಒಳ್ಳೆಯ ಮನುಷ್ಯ, ಆದರೆ ಆವತ್ತು ಎಂಥಾ ದಡ್ಡತನ ಮಾಡಿದ ನೋಡ್ರವ್ವಾ. ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

"ಅದು ಚಾಚಾನ ದಡ್ಡತನ ಅಲ್ಲ ಅಕ್ಕಾ," ಎಂದೆ. ನಿಂತೇ ಹೇಳಿದೆ. "ಅವರು ನನ್ನ ಕೇಳಿದ್ದರು. ಸೋಡಾ ಗ್ಯಾಸು ಬಿಟ್ಟರೆ ಆಗುತ್ತೆ ಅಂತ ಹೇಳಿದ್ದು ನಾನು."

ಅವಳು ಸೂಜಿ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವು? ಕಾಲೇಜಿನ್ಯಾಗ ಮೀನಿನ ಪಾಠ ಹೇಳವ್ರು?"

"ಹ್ಞೂಂ."

"ಅವತ್ತು ಇಲ್ಲೇ ನಿಂತಿದ್ರಲ್ಲ? ಅವಂಗ ನಾ ಅರ್ಧ ತಾಸು ಬೈದೆ!"

"ಹ್ಞೂಂ."

ಅವಳು ಸೂಜಿಯನ್ನು ಬಲೆಗೆ ಚುಚ್ಚಿಟ್ಟಳು. ಆಮೇಲೆ ಆ ಏರಿಯೆಲ್ಲ ನಡುಗುವ ಹಾಗೆ ನಕ್ಕಳು. ಸೊಸೆಯಂದಿರ ಕಡೆ ತಿರುಗಿ, ಕಣ್ಣೊರೆಸಿಕೊಂಡು, ಕಥೆಯನ್ನು ಮೊದಲಿನಿಂದ ಮತ್ತೆ ಶುರು ಮಾಡಿದಳು: "ಕೇಳ್ರಿಲ್ಲಿ, ನಾ ತಪ್ಪು ಹೇಳಿದ್ದೆ. ಬಳ್ಳಾರಿ ಕಾಲೇಜಿನ್ಯಾಗ ಒಬ್ಬ ಮೇಷ್ಟ್ರು ಇದ್ದ, ಭಾರಿ ಓದಿದವ..."

ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು ಪೂರ್ತಿ ಕೇಳಿದೆ.